ಮಾರ್ಕೆಟಿಂಗ್ ಪದವೀಧರನೂ ಕೋಯಂಬೇಡು ಮಾರುಕಟ್ಟೆಯೂ

ಪದವಿ ಕೈಗೆ ಬಂದೊಡನೆ ಉದ್ಯೋಗವೂ ಅದರ ಬೆನ್ನ ಹಿಂದೆಯೇ ಬರುತ್ತದೆಂದು ನಂಬಿದ್ದ ಕಾಲವೊಂದಿತ್ತು. ಆ ಕಾಲ ಕಳೆದುಹೋಗಿ ಬಹಳ ದಿನಗಳಾದವು. ಈ ಮಹಾನಗರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಬಿ.ಬಿ.ಎ., ಬಿ.ಕಾಂ., ಎಂ.ಬಿ.ಎ. ಮುಗಿಸಿ, ಅದರಲ್ಲಿಯೂ ಮಾರ್ಕೆಟಿಂಗ್ ವಿಷಯವನ್ನು ವಿಶೇಷವಾಗಿ ಅಭ್ಯಾಸ ಮಾಡಿ, ಕೆಲಸಕ್ಕಾಗಿ ಕಾದು ಕುಳಿತಿರುವ ತರುಣ ತರುಣಿಯರನ್ನು ಕಾಣುತ್ತೇವೆ. ಮೊದಲ ಮೂರು ತಿಂಗಳು ಮನೆಯವರೆಲ್ಲರೂ ಉತ್ಸಾಹದಿಂದ ವಿಚಾರಿಸುತ್ತಾರೆ. ಆರನೆಯ ತಿಂಗಳಿಗೆ ಪ್ರಶ್ನೆಗಳು ಕಡಿಮೆಯಾಗುತ್ತವೆ. ವರ್ಷ ತುಂಬುವ ಹೊತ್ತಿಗೆ ಊಟದ ಸಮಯದಲ್ಲಿ ಆ ಮಾತನ್ನೇ ಯಾರೂ ಎತ್ತುವುದಿಲ್ಲ. ಆ ಮೌನ ಕಾದಿರುವವರನ್ನು ಪ್ರಶ್ನೆಗಳಿಗಿಂತ ಹೆಚ್ಚಾಗಿ ನೋಯಿಸುತ್ತದೆ.

ಆರೋಗ್ಯದ ಲೇಖನಗಳ ನಡುವೆ ಉದ್ಯೋಗದ ಮಾತೇಕೆ ಎಂದು ವಾಚಕರು ಕೇಳಬಹುದು. ನಿದ್ರೆಗೇಡು, ತಲೆನೋವು, ಅಜೀರ್ಣ, ಕಾರಣವಿಲ್ಲದ ಸಿಟ್ಟು ಇವುಗಳಲ್ಲಿ ಎಷ್ಟೋ ಬಾರಿ ಮೂಲವ್ಯಾಧಿ ನಿರುದ್ಯೋಗವೇ ಆಗಿರುತ್ತದೆ. ಆದ್ದರಿಂದ ಈ ವಿಷಯಕ್ಕೆ ಇಲ್ಲಿ ಸ್ಥಳವಿದೆ ಎಂದು ಭಾವಿಸಿ, ಮಾರ್ಕೆಟಿಂಗ್ ಪದವೀಧರರು ಮೊದಲ ಕೆಲಸವನ್ನು ಹೇಗೆ ಹುಡುಕಬೇಕು, ಹೇಗೆ ತೂಗಿ ನೋಡಬೇಕು ಎಂಬುದನ್ನು ವಿವರಿಸಲು ಯತ್ನಿಸಿದೆ. ಪಾಠಕ್ಕೆ ಆರಿಸಿಕೊಂಡ ಶಾಲೆ ದೂರದ್ದಲ್ಲ. ನಮ್ಮ ಅಡುಗೆಮನೆಗೆ ದಿನವೂ ತರಕಾರಿ ಕಳುಹಿಸುವ ಕೋಯಂಬೇಡು ಮಾರುಕಟ್ಟೆಯೇ ಆ ಶಾಲೆ.

ಮಾರ್ಕೆಟಿಂಗ್ ಮತ್ತು ಮಾರಾಟ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕು. ಪದವೀಧರರು 'ಮಾರ್ಕೆಟಿಂಗ್ ಕೆಲಸ' ಬೇಕೆನ್ನುತ್ತಾರೆ. ಕಂಪನಿಗಳು 'ಸೇಲ್ಸ್ ಕೆಲಸ' ಕೊಡುತ್ತೇವೆನ್ನುತ್ತವೆ. ಎರಡರ ನಡುವೆ ವರ್ಷಗಳು ಉರುಳುತ್ತವೆ. ಮಾರ್ಕೆಟಿಂಗ್ ಎಂದರೆ ಯಾವ ಸರಕು, ಯಾರಿಗೆ, ಯಾವ ಬೆಲೆಗೆ, ಎಲ್ಲಿ, ಹೇಗೆ ತಲುಪಬೇಕೆಂಬುದನ್ನು ಗೊತ್ತುಪಡಿಸುವ ವಿದ್ಯೆ. ಮಾರಾಟವೆಂದರೆ ಆ ನಿರ್ಧಾರ ಸರಿಯೋ ತಪ್ಪೋ ಎಂಬುದು ಗಿರಾಕಿಯ ಎದುರಿನಲ್ಲಿ ಪರೀಕ್ಷೆಗೊಳ್ಳುವ ಗಳಿಗೆ. ಗಿರಾಕಿಯ ಮುಖವನ್ನೇ ನೋಡದವನ ಕೈಗೆ ಗಿರಾಕಿಯ ಬಗೆಗಿನ ನಿರ್ಧಾರವನ್ನು ಯಾವ ವ್ಯಾಪಾರಿಯೂ ಒಪ್ಪಿಸುವುದಿಲ್ಲ. ಅದು ನ್ಯಾಯವೂ ಹೌದು. ವೈದ್ಯಕೀಯ ಪದವಿ ಪಡೆದವನು ಆಸ್ಪತ್ರೆಯ ವಾರ್ಡುಗಳಲ್ಲಿ ಓಡಾಡದೆ ತಜ್ಞನಾಗಲಾರನಷ್ಟೆ? ಹಾಗೆಯೇ ಮಾರ್ಕೆಟಿಂಗ್ ಪದವೀಧರನಿಗೆ ಮಾರಾಟವೇ ಮೊದಲ ಮೆಟ್ಟಿಲು.

ಇದನ್ನು ಒಪ್ಪಿಕೊಳ್ಳಲು ಅಡ್ಡಿ ತರುವುದು ಹಲವು ವೇಳೆ ಪದವೀಧರನಲ್ಲ, ಮನೆಯವರು. "ಇಷ್ಟು ಓದಿಸಿದ್ದು ಬಾಗಿಲು ಬಾಗಿಲು ಸುತ್ತುವುದಕ್ಕೇ?" ಎಂಬ ಮಾತು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಈ ಊರಿಗೆ ಬಂದು ಹೆಸರು ಗಳಿಸಿದ ಕನ್ನಡ ನಾಡಿನವರ ಚರಿತ್ರೆಯನ್ನು ನೆನೆದರೆ ಈ ಮಾತಿಗೆ ಉತ್ತರ ಸಿಗುತ್ತದೆ. ಉಡುಪಿ ಸೀಮೆಯಿಂದ ಮದರಾಸಿಗೆ ಬಂದ ಕೆ. ಕೃಷ್ಣರಾಯರು ಅಡುಗೆಮನೆಯ ಸಣ್ಣಪುಟ್ಟ ಕೆಲಸಗಳಿಂದ ಆರಂಭಿಸಿ ವುಡ್‌ಲ್ಯಾಂಡ್ಸ್ ಹೋಟೆಲುಗಳನ್ನು ಕಟ್ಟಿದರು. ಕಾರಿನಲ್ಲಿ ಬರುವ ಗಿರಾಕಿ ಕಾರಿನಲ್ಲಿಯೇ ಕುಳಿತು ತಿಂಡಿ ತಿನ್ನುವಂತೆ ಕೆಥೀಡ್ರಲ್ ರಸ್ತೆಯಲ್ಲಿ 1962ರಲ್ಲಿ ತೆರೆದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ 2008ರವರೆಗೆ ನಡೆಯಿತು. ಗಿರಾಕಿ ಹೇಗೆ ಬದಲಾಗುತ್ತಿದ್ದಾನೆಂದು ಅರಿಯುವ ಕಣ್ಣು ಬಡಿಸುವ ಕೈಗೆ ಮೊದಲು ಬರುತ್ತದೆ.

ಕೋಯಂಬೇಡಿನ ಪರಿಚಯ

ಚೆನ್ನೈಯ ತರಕಾರಿ ಸಗಟು ವ್ಯಾಪಾರ ತಲೆತಲಾಂತರದಿಂದ ಜಾರ್ಜ್ ಟೌನಿನ ಕೊತ್ವಾಲ್ ಚಾವಡಿಯಲ್ಲಿ ನಡೆಯುತ್ತಿತ್ತು. ಊರು ಬೆಳೆಯಿತು, ಲಾರಿಗಳು ದೊಡ್ಡವಾದವು, ಬೀದಿಗಳು ಮಾತ್ರ ಅಷ್ಟೇ ಅಗಲವಾಗಿ ಉಳಿದವು. ಆದ್ದರಿಂದ ಚೆನ್ನೈ ಮಹಾನಗರ ಅಭಿವೃದ್ಧಿ ಪ್ರಾಧಿಕಾರ ಊರಿನ ಪಶ್ಚಿಮಕ್ಕೆ ಕೋಯಂಬೇಡಿನಲ್ಲಿ ಸುಮಾರು 295 ಎಕರೆ ಪ್ರದೇಶದಲ್ಲಿ ಹೊಸ ಸಗಟು ಮಾರುಕಟ್ಟೆಯನ್ನು ನಿರ್ಮಿಸಿತು. 1996ರಲ್ಲಿ ತೆರೆದ ಈ ಸಂಕೀರ್ಣದಲ್ಲಿ ತರಕಾರಿ, ಹಣ್ಣು ಮತ್ತು ಹೂವುಗಳಿಗೆ ಪ್ರತ್ಯೇಕ ವಿಭಾಗಗಳಿದ್ದು, ಮಳಿಗೆಗಳ ಸಂಖ್ಯೆ ಮೂರು ಸಾವಿರವನ್ನು ಮೀರುತ್ತದೆ. 2002ರಲ್ಲಿ ಪಕ್ಕದಲ್ಲಿಯೇ ಹೊರಊರುಗಳ ಬಸ್ ನಿಲ್ದಾಣ ಬಂದಿತು. ನಮ್ಮಲ್ಲಿ ಅನೇಕರಿಗೆ ಕೋಯಂಬೇಡು ಎಂದರೆ ಬೆಂಗಳೂರಿನ ಬಸ್ಸು ಎಂಬ ನೆನಪೇ ಮೊದಲು. ಚೆನ್ನೈ ಮೆಟ್ರೋ ರೈಲು 2015ರ ಜೂನ್ 29ರಂದು ಮೊದಲು ಓಡಿದ್ದು ಕೋಯಂಬೇಡು ಮತ್ತು ಆಲಂದೂರುಗಳ ನಡುವೆ.

ರಾತ್ರಿಯಿಡೀ ಲಾರಿಗಳು ಬರುತ್ತವೆ. ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ಕಡೆಯ ಟೊಮ್ಯಾಟೊ, ಆಂಧ್ರದ ಮದನಪಲ್ಲಿಯ ಟೊಮ್ಯಾಟೊ, ನಾಸಿಕದ ಈರುಳ್ಳಿ, ನೀಲಗಿರಿಯ ಕ್ಯಾರೆಟ್, ಹೊಸೂರಿನ ಗುಲಾಬಿ ಇವೆಲ್ಲ ಬೆಳಗಾಗುವುದರೊಳಗೆ ಇಲ್ಲಿ ಇಳಿಯುತ್ತವೆ. ನಗರ ಇನ್ನೂ ನಿದ್ರಿಸುತ್ತಿರುವಾಗಲೇ ಸಗಟು ವ್ಯಾಪಾರದ ಬಹುಭಾಗ ಮುಗಿದಿರುತ್ತದೆ. ತಮಿಳಿನೊಡನೆ ತೆಲುಗು, ಕನ್ನಡಗಳೂ ಕಿವಿಗೆ ಬೀಳುತ್ತವೆ. ಪದವೀಧರನು ತನ್ನ ಪಠ್ಯಪುಸ್ತಕವನ್ನು ಹಿಡಿದು ನೋಡತಕ್ಕ ದೃಶ್ಯವಿದು.

ನಾಲ್ಕು ಪಾಠಗಳು

ಅಮೆರಿಕದ ಪ್ರಾಧ್ಯಾಪಕ ಜೆರೋಮ್ ಮೆಕಾರ್ತಿ 1960ರಲ್ಲಿ ಮಾರ್ಕೆಟಿಂಗ್ ಶಾಸ್ತ್ರವನ್ನು ನಾಲ್ಕು ಅಂಗಗಳಾಗಿ ವಿಂಗಡಿಸಿ ತಿಳಿಸಿದರು: ಸರಕು, ಬೆಲೆ, ಸ್ಥಳ, ಪ್ರಚಾರ. 1967ರಲ್ಲಿ ಪ್ರಕಟವಾದ ಫಿಲಿಪ್ ಕೋಟ್ಲರ್ ಅವರ ಗ್ರಂಥದ ಮೂಲಕ ಈ ಶಾಸ್ತ್ರ ಜಗತ್ತಿನ ಕಾಲೇಜುಗಳಿಗೆಲ್ಲ ಹಬ್ಬಿತು. ಪ್ರತಿಯೊಬ್ಬ ವಿದ್ಯಾರ್ಥಿಯೂ ಈ ನಾಲ್ಕನ್ನು ಬಾಯಿಪಾಠ ಹೇಳಬಲ್ಲನು. ಆದರೆ ಸಂದರ್ಶನದಲ್ಲಿ ಒಂದು ಉದಾಹರಣೆ ಕೇಳಿದರೆ ಪುಸ್ತಕದಲ್ಲಿದ್ದ ಅಮೆರಿಕದ ಪಾನೀಯದ ಕಥೆಯನ್ನೇ ಹೇಳುತ್ತಾನೆ. ಅದೇ ನಾಲ್ಕನ್ನು ಕೋಯಂಬೇಡಿನಲ್ಲಿ ಕಾಣೋಣ.

ಒಂದನೆಯದು ಸರಕು. ಒಂದೇ ಹೊಲದ ಟೊಮ್ಯಾಟೊ ಮಾರುಕಟ್ಟೆಯಲ್ಲಿ ಒಂದೇ ಸರಕಾಗಿ ಉಳಿಯುವುದಿಲ್ಲ. ಗಟ್ಟಿಯಾದ, ಅರೆಹಣ್ಣಾದ ಕಾಯಿ ದೂರದ ಅಂಗಡಿಗೆ. ಚೆನ್ನಾಗಿ ಹಣ್ಣಾದದ್ದು ಅಂದೇ ಬೇಯಿಸುವ ಹೋಟೆಲಿಗೆ. ಸಣ್ಣದು, ಮಚ್ಚೆ ಬಿದ್ದದ್ದು ಕಡಿಮೆ ಬೆಲೆಯ ಗಿರಾಕಿಗೆ. ವರ್ಗೀಕರಣ ಮಾಡುವವನು ಹಣ್ಣನ್ನಲ್ಲ, ಗಿರಾಕಿಯನ್ನೇ ವಿಂಗಡಿಸುತ್ತಾನೆ. ಕಾಲೇಜಿನಲ್ಲಿ ಗ್ರಾಹಕ ವರ್ಗಗಳ ವಿಂಗಡಣೆ ಎಂದು ಕಲಿತ ಅಧ್ಯಾಯವಿದೇ.

ಎರಡನೆಯದು ಬೆಲೆ. ಒಂದು ಸಣ್ಣ ಲೆಕ್ಕವನ್ನು ನೋಡಿ. ಚಿಲ್ಲರೆ ವ್ಯಾಪಾರಿಯೊಬ್ಬನು 15 ಕಿಲೋ ಟೊಮ್ಯಾಟೊ ಪೆಟ್ಟಿಗೆಯನ್ನು 300 ರೂಪಾಯಿಗೆ ಕೊಂಡನೆನ್ನಿ. ಕೂಲಿ, ಸಾಗಣೆಗೆ 30 ರೂಪಾಯಿ ಸೇರಿ ಒಟ್ಟು 330. ಹದಿನೈದರಿಂದ ಭಾಗಿಸಿದರೆ ಕಿಲೋಗೆ 22 ರೂಪಾಯಿ ಅಸಲು. 25ಕ್ಕೆ ಮಾರಿದರೆ ಕಿಲೋಗೆ 3 ರೂಪಾಯಿ ಲಾಭವೆಂದು ಹೊಸಬನು ಹಿಗ್ಗುತ್ತಾನೆ. ಆದರೆ ಪೆಟ್ಟಿಗೆಯಲ್ಲಿ 2 ಕಿಲೋ ಒಡೆದು ಕೆಟ್ಟಿದ್ದರೆ ಮಾರಲು ಉಳಿಯುವುದು 13 ಕಿಲೋ. ಬರುವ ಹಣ 325 ರೂಪಾಯಿ. ಲಾಭವೆಂದುಕೊಂಡದ್ದು 5 ರೂಪಾಯಿ ನಷ್ಟವಾಯಿತು. ಬೆಲೆ ಕಟ್ಟುವವನು ಕೊಂಡದ್ದನ್ನು ನೋಡದೆ ಮಾರಾಟವಾಗುವುದನ್ನು ನೋಡಬೇಕು. ಇದಲ್ಲದೆ ಬೆಲೆ ಗಳಿಗೆಗೊಂದು. ನಸುಕಿನಲ್ಲಿದ್ದ ಬಿಗಿ ಬಿಸಿಲೇರಿದಂತೆ ಸಡಿಲವಾಗುತ್ತದೆ. ಉಳಿದ ಸೊಪ್ಪಿಗೆ ನಾಳೆ ಎಂಬುದಿಲ್ಲ. 2023ರ ಜುಲೈ ತಿಂಗಳಲ್ಲಿ ಆವಕ ಕುಸಿದು ಟೊಮ್ಯಾಟೊ ಬೆಲೆ ಕಿಲೋಗೆ 100 ರೂಪಾಯಿ ದಾಟಿದಾಗ, ತಮಿಳುನಾಡು ಸರ್ಕಾರ ಚೆನ್ನೈಯ ಕೆಲವು ಪಡಿತರ ಅಂಗಡಿಗಳಲ್ಲಿ 60 ರೂಪಾಯಿಗೆ ಮಾರಿಸಿತು. ಕೋಲಾರದ ಹೊಲದಲ್ಲಿ ಬೆಳೆ ಕೆಟ್ಟರೆ ಚೆನ್ನೈಯ ಸಾರು ತೆಳುವಾಗುತ್ತದೆಂಬುದನ್ನು ಆ ತಿಂಗಳು ಎಲ್ಲರೂ ಕಂಡರು.

ಮೂರನೆಯದು ಸ್ಥಳ. ಕೊತ್ವಾಲ್ ಚಾವಡಿಯಿಂದ ಕೋಯಂಬೇಡಿಗೆ ಬಂದ ಮಾರುಕಟ್ಟೆಯ ಕಥೆಯೇ ಇದಕ್ಕೆ ವ್ಯಾಖ್ಯಾನ. 2020ರ ಮೇ ತಿಂಗಳಲ್ಲಿ ಕೊರೋನಾ ಸೋಂಕು ಇಲ್ಲಿ ಹರಡಿದಾಗ ಮಾರುಕಟ್ಟೆಯನ್ನು ಮುಚ್ಚಬೇಕಾಯಿತು. ತರಕಾರಿಯ ಸಗಟು ವ್ಯಾಪಾರ ತಿರುಮಳಿಸೈಗೆ ಹೋಯಿತು. ಸೆಪ್ಟೆಂಬರಿನಲ್ಲಿ ಮತ್ತೆ ಇಲ್ಲಿಗೆ ಮರಳಿತು. ಸರಕು ಅದೇ, ಗಿರಾಕಿ ಅವನೇ; ಸ್ಥಳ ಬದಲಾದರೆ ಸಾಗಣೆಯ ಖರ್ಚು, ತಲುಪುವ ಹೊತ್ತು, ಕೆಡುವ ಪ್ರಮಾಣ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಬೇಕು. ಅಂಗಡಿಗೆ ಸರಕು ತಲುಪಿಸುವ ದಾರಿಯನ್ನು ಬಲ್ಲವನಿಗೆ ಕಂಪನಿಗಳಲ್ಲಿ ಎಂದೂ ಬೆಲೆಯಿದೆ.

ನಾಲ್ಕನೆಯದು ಪ್ರಚಾರ. ಸಗಟು ಮಳಿಗೆಯ ಮುಂದೆ ಬಣ್ಣದ ಜಾಹೀರಾತು ಕಾಣುವುದಿಲ್ಲ. ಅಲ್ಲಿ ಪ್ರಚಾರದ ಕೆಲಸವನ್ನು ಮಾಡುವುದು ನಂಬಿಕೆ. ಮೇಲಿನ ಸಾಲಿನಲ್ಲಿ ಒಳ್ಳೆಯ ಹಣ್ಣು, ಕೆಳಗೆ ಕೆಟ್ಟದ್ದು ಇಟ್ಟವನು ಒಂದು ದಿನ ಲಾಭ ಪಡೆಯುತ್ತಾನೆ. ಮರುದಿನ ಗಿರಾಕಿ ಪಕ್ಕದ ಮಳಿಗೆಗೆ ಹೋಗುತ್ತಾನೆ. ಸಾಲ ಕೊಡುವುದೂ ಇಲ್ಲಿ ಒಂದು ಕಲೆ. ಯಾರಿಗೆ, ಎಷ್ಟು, ಎಷ್ಟು ದಿನಕ್ಕೆ ಎಂಬುದನ್ನು ಗಿರಾಕಿಯ ನಡತೆಯಿಂದ ಅಳೆಯುತ್ತಾರೆ. ಸರಕು ಹೋದರೆ ಅರ್ಧ ಮಾರಾಟ, ಹಣ ಬಂದರೆ ಪೂರ್ಣ ಮಾರಾಟ ಎಂಬುದನ್ನು ಕಲಿತ ತರುಣನು ಯಾವ ಕಂಪನಿಗೂ ಭಾರವಾಗುವುದಿಲ್ಲ.

ಇವು ತರಕಾರಿಗೆ ಮಾತ್ರ ಸಲ್ಲುವ ಪಾಠಗಳೆಂದು ತಿಳಿಯಬಾರದು. ಕಡಲೂರಿನವರಾದ ಸಿ.ಕೆ. ರಂಗನಾಥನ್ 1983ರಲ್ಲಿ ಅಲ್ಪ ಬಂಡವಾಳದಿಂದ ಚಿಕ್ ಶಾಂಪೂವಿನ ಉದ್ಯಮವನ್ನು ಆರಂಭಿಸಿದರು. ಶಾಂಪೂವನ್ನು ಸಣ್ಣ ಪೊಟ್ಟಣದಲ್ಲಿ ಮಾರುವ ಉಪಾಯವನ್ನು ಅವರ ತಂದೆ ಚಿನ್ನಿಕೃಷ್ಣನ್ ಆಗಲೇ ತೋರಿಸಿಕೊಟ್ಟಿದ್ದರು. ಸೀಸೆ ಕೊಳ್ಳಲಾರದ ಹಳ್ಳಿಯ ಕೂಲಿಯ ಹೆಂಗಸು ಪೊಟ್ಟಣವನ್ನು ಕೊಳ್ಳಬಲ್ಲಳು ಎಂಬ ಅರಿವೇ ಆ ಉದ್ಯಮದ ಅಡಿಪಾಯ. ಅದು ಬೆಳೆದು ಚೆನ್ನೈಯ ಕೆವಿನ್‌ಕೇರ್ ಕಂಪನಿಯಾಯಿತು.

ಹದಿನೈದು ದಿನಗಳ ಅಭ್ಯಾಸ

'ದೇಶ ಸುತ್ತು, ಇಲ್ಲವೆ ಕೋಶ ಓದು' ಎಂದರು ಹಿರಿಯರು. ಪದವೀಧರರು ಕೋಶ ಓದಿಯಾಗಿದೆ. ಇನ್ನು ಸ್ವಲ್ಪ ಸುತ್ತಬೇಕು. ಅರ್ಜಿ ಕಳುಹಿಸಿ ಕಾಯುವ ದಿನಗಳಲ್ಲಿ ಹದಿನೈದನ್ನು ಈ ಅಭ್ಯಾಸಕ್ಕೆ ಮೀಸಲಿಡಿ.

(1) ಒಂದೇ ಸರಕನ್ನು ಆರಿಸಿಕೊಳ್ಳಿ. ಟೊಮ್ಯಾಟೊ, ಬೀನ್ಸ್, ಬಾಳೆಹಣ್ಣು, ಸೇವಂತಿಗೆ ಯಾವುದಾದರೂ ಆಗಬಹುದು. ಎಲ್ಲವನ್ನೂ ನೋಡಹೊರಟವನು ಏನನ್ನೂ ನೋಡಲಾರನು.

(2) ಬೆಳಗಿನ ಮೆಟ್ರೋದಲ್ಲಿ ಹೋಗಿ, ಪ್ರತಿದಿನ ಅದೇ ಹೊತ್ತಿಗೆ ಅದೇ ಮೂರು ಮಳಿಗೆಗಳ ಬೆಲೆಯನ್ನು ಬರೆದುಕೊಳ್ಳಿ. ವ್ಯಾಪಾರದ ಭರಾಟೆಯಲ್ಲಿರುವವರಿಗೆ ಅಡ್ಡ ನಿಲ್ಲಬೇಡಿ. ಕೈ ಬಿಡುವಾದ ಮೇಲೆ ವಿನಯದಿಂದ ಕೇಳಿ. ಅನುಮತಿಯಿಲ್ಲದೆ ಛಾಯಾಚಿತ್ರ ತೆಗೆಯಬೇಡಿ. ಇಬ್ಬರು ಮೂವರು ಗೆಳೆಯರೋ ಗೆಳತಿಯರೋ ಕೂಡಿ ಹೋದರೆ ಇನ್ನೂ ಉತ್ತಮ.

(3) ಅದೇ ಸರಕಿನ ಬೆಲೆಯನ್ನು ನಿಮ್ಮ ಬೀದಿಯ ತಳ್ಳುಗಾಡಿಯಲ್ಲಿ, ಒಂದು ದೊಡ್ಡ ಅಂಗಡಿಯಲ್ಲಿ, ಮನೆಗೆ ತಲುಪಿಸುವ ಒಂದು ಆನ್‌ಲೈನ್ ಸೇವೆಯಲ್ಲಿ ಗುರುತಿಸಿ. ನಾಲ್ಕು ಕಡೆಯ ಬೆಲೆಯೂ ಏಕೆ ಬೇರೆ ಬೇರೆ? ವ್ಯತ್ಯಾಸದಲ್ಲಿ ಸಾಗಣೆಯ ಪಾಲೆಷ್ಟು, ಕೆಡುವಿಕೆಯ ಪಾಲೆಷ್ಟು, ಸಾಲದ ಪಾಲೆಷ್ಟು?

(4) ಕೊನೆಗೆ ನಾಲ್ಕು ಪುಟಗಳ ಒಂದು ವರದಿ ಬರೆಯಿರಿ. ಒಂದು ಪಟ್ಟಿ, ಒಂದು ನಕ್ಷೆ, ಮೂರು ನಿರ್ಣಯಗಳು, ಒಂದು ಸಲಹೆ, ಇಷ್ಟು ಸಾಕು.

ಈ ನಾಲ್ಕು ಪುಟಗಳನ್ನು ಅರ್ಜಿಯೊಡನೆ ಲಗತ್ತಿಸಿ. ಸಂದರ್ಶನ ಮಾಡುವವರ ಮುಂದಿರುವ ಅರ್ಜಿಗಳೆಲ್ಲವೂ 'ಪರಿಶ್ರಮಿ, ಉತ್ಸಾಹಿ, ತಂಡದಲ್ಲಿ ದುಡಿಯಬಲ್ಲವನು' ಎಂಬ ಒಂದೇ ಮಾತನ್ನು ಹೇಳುತ್ತವೆ. ಹದಿನೈದು ದಿನ ಬೆಳಗಿನ ಜಾವ ಎದ್ದು ಒಂದು ಸರಕಿನ ಬೆನ್ನು ಹತ್ತಿದವನ ವರದಿ ಆ ಮಾತುಗಳನ್ನು ಹೇಳದೆಯೇ ಸಾಧಿಸಿ ತೋರಿಸುತ್ತದೆ. ಸಾಬೂನು ಮಾರುವ ಕಂಪನಿಯಾಗಲಿ, ಔಷಧಿ ಮಾರುವ ಕಂಪನಿಯಾಗಲಿ, ಕೆಲಸ ಮಾಡುವ ರೀತಿಯನ್ನು ನೋಡುತ್ತದೆಯೇ ಹೊರತು ಟೊಮ್ಯಾಟೊವನ್ನಲ್ಲ.

ಬಾಗಿಲುಗಳು ಎಲ್ಲಿವೆ?

ಮಾರ್ಕೆಟಿಂಗ್ ಪದವೀಧರರನ್ನು ಮೊದಲ ಕೆಲಸಕ್ಕೆ ತೆಗೆದುಕೊಳ್ಳುವ ಕ್ಷೇತ್ರಗಳು ಮುಖ್ಯವಾಗಿ ಐದು. ದಿನಬಳಕೆಯ ವಸ್ತುಗಳ ವಿತರಣೆ, ಔಷಧಿ ಕಂಪನಿಗಳ ಪ್ರತಿನಿಧಿತ್ವ, ಬ್ಯಾಂಕು ಮತ್ತು ವಿಮೆ, ದೊಡ್ಡ ಚಿಲ್ಲರೆ ಅಂಗಡಿಗಳು, ಹಾಗೂ ಅಂತರ್ಜಾಲದ ಮೂಲಕ ನಡೆಯುವ ವ್ಯಾಪಾರ ಮತ್ತು ಜಾಹೀರಾತು. ಕೋಯಂಬೇಡು ತೆರೆದ 1996ರಲ್ಲಿಯೇ ಫುಡ್‌ವರ್ಲ್ಡ್ ತನ್ನ ಮೊದಲ ಸೂಪರ್ ಮಾರ್ಕೆಟನ್ನು ಇದೇ ಚೆನ್ನೈಯಲ್ಲಿ ಆರಂಭಿಸಿತು. ಬೆಂಗಳೂರಿನಲ್ಲಿ 2011ರಲ್ಲಿ ಬಿಗ್‌ಬ್ಯಾಸ್ಕೆಟ್, 2015ರಲ್ಲಿ ರೈತರಿಂದ ಅಂಗಡಿಗಳಿಗೆ ತರಕಾರಿ ತಲುಪಿಸುವ ನಿಂಜಾಕಾರ್ಟ್ ಹುಟ್ಟಿದವು. ತರಕಾರಿಯ ವ್ಯಾಪಾರವೂ ಇಂದು ಪದವೀಧರರ ಉದ್ಯೋಗಕ್ಷೇತ್ರವಾಗಿದೆಯೆಂಬುದಕ್ಕೆ ಇವು ನಿದರ್ಶನಗಳು.

ನೇರವಾಗಿ ಕೆಲಸ ಸಿಗದಿದ್ದರೆ ಅಪ್ರೆಂಟಿಸ್ ಮಾರ್ಗವಿದೆ. 1961ರ ಅಪ್ರೆಂಟಿಸ್ ಕಾಯಿದೆಗೆ 2014ರಲ್ಲಿ ಮಾಡಿದ ತಿದ್ದುಪಡಿಯಿಂದ ಎಂಜಿನಿಯರುಗಳಲ್ಲದ ಪದವೀಧರರಿಗೂ ಈ ಬಾಗಿಲು ತೆರೆಯಿತು. ದಕ್ಷಿಣ ವಲಯದ ಅಪ್ರೆಂಟಿಸ್ ತರಬೇತಿ ಮಂಡಳಿಯ ಕಚೇರಿ ಚೆನ್ನೈಯ ತರಮಣಿಯಲ್ಲಿಯೇ ಇದೆ. ಭತ್ಯ ಸಂಬಳಕ್ಕಿಂತ ಕಡಿಮೆಯಾದರೂ ಅನುಭವದ ಪ್ರಮಾಣಪತ್ರ ಕೈಗೆ ಬರುತ್ತದೆ. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ರಾಷ್ಟ್ರೀಯ ವೃತ್ತಿ ಸೇವೆಯಲ್ಲಿಯೂ, ಜಿಲ್ಲಾ ಉದ್ಯೋಗ ಕಚೇರಿಯಲ್ಲಿಯೂ ಶುಲ್ಕವಿಲ್ಲದೆ ಹೆಸರು ನೋಂದಾಯಿಸಬಹುದು.

ನಮ್ಮ ವಿಶೇಷ ಬಂಡವಾಳ

ಹೊರನಾಡ ಕನ್ನಡಿಗರ ಮಕ್ಕಳಿಗೆ ಒಂದು ಸಂಪತ್ತು ತಾನಾಗಿ ದೊರೆತಿದೆ; ಅದು ಭಾಷೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷು. ಕೆಲವರಿಗೆ ತುಳು, ತೆಲುಗು, ಹಿಂದಿಗಳೂ ಬರುತ್ತವೆ. ಚೆನ್ನೈಯಲ್ಲಿ ಮುಖ್ಯ ಕಚೇರಿಯಿರುವ ಕಂಪನಿ ಮೈಸೂರಿನ ಅಥವಾ ಹುಬ್ಬಳ್ಳಿಯ ಅಂಗಡಿಯವನೊಡನೆ ಮಾತನಾಡಬಲ್ಲ, ಆದರೆ ಚೆನ್ನೈಯ ವ್ಯವಹಾರವನ್ನೂ ಬಲ್ಲ ಪ್ರತಿನಿಧಿಯನ್ನು ಬಯಸುವುದು ಸಹಜ. ಹೀಗಿದ್ದೂ ನಮ್ಮ ಮಕ್ಕಳ ಅರ್ಜಿಯಲ್ಲಿ ಭಾಷೆಗಳ ಸಾಲು ಕೊನೆಯ ಪುಟದ ಕೊನೆಯಲ್ಲಿರುತ್ತದೆ. ಅದನ್ನು ಮೊದಲ ಪುಟಕ್ಕೆ ತನ್ನಿ. 'ತಮಿಳು ಮತ್ತು ಕನ್ನಡ ಎರಡರಲ್ಲೂ ವ್ಯಾಪಾರದ ಮಾತುಕತೆ ನಡೆಸಬಲ್ಲೆ. ಕರ್ನಾಟಕದಲ್ಲಿ ಎಲ್ಲಿಗೆ ಕಳುಹಿಸಿದರೂ ಹೋಗಬಲ್ಲೆ' ಎಂದು ಸ್ಪಷ್ಟವಾಗಿ ಬರೆಯಿರಿ.

ಆದರೆ ಇಲ್ಲೊಂದು ಕೊರತೆಯನ್ನು ಮರೆಮಾಚಬಾರದು. ಕನ್ನಡ ಮಾತನಾಡಬಲ್ಲ ಎಷ್ಟೋ ಮಕ್ಕಳಿಗೆ ಕನ್ನಡ ಓದಲು ಬಾರದು. ಅಂಗಡಿಯ ಫಲಕ, ಬಿಲ್ಲು, ಗಿರಾಕಿಯ ಸಂದೇಶ ಇವನ್ನು ಓದಲಾರದವನ ಭಾಷೆ ವ್ಯಾಪಾರದಲ್ಲಿ ಅರ್ಧ ನಾಣ್ಯವೇ ಸರಿ. ದಿನಕ್ಕೆ ಅರ್ಧ ಗಂಟೆಯಂತೆ ಮೂರು ತಿಂಗಳು ಕುಳಿತರೆ ಈ ಕೊರತೆ ಬಹುಮಟ್ಟಿಗೆ ನೀಗುತ್ತದೆ. ಕನ್ನಡ ಕಲಿಕೆ ಅಭಿಮಾನದ ವಿಷಯ ಹೌದು. ಅನ್ನದ ವಿಷಯವೂ ಹೌದು.

ಕೆಲವು ಎಚ್ಚರಿಕೆಗಳು

ಮಾರಾಟದ ಕೆಲಸವನ್ನು ಸ್ವೀಕರಿಸಿ ಎಂದರೆ ಸಿಕ್ಕಿದ್ದನ್ನೆಲ್ಲ ಸ್ವೀಕರಿಸಿ ಎಂದರ್ಥವಲ್ಲ. ಟೊಮ್ಯಾಟೊ ಪೆಟ್ಟಿಗೆಯ ಲೆಕ್ಕವನ್ನೇ ಇಲ್ಲಿಯೂ ಹಾಕಬೇಕು. ತಿಂಗಳಿಗೆ 18,000 ರೂಪಾಯಿ ಸಂಬಳ, ಪೆಟ್ರೋಲು ನಿಮ್ಮದೇ ಎಂಬ ಕೆಲಸದಲ್ಲಿ 4,000 ರೂಪಾಯಿ ಬೀದಿಗೆ ಹೋದರೆ ಉಳಿಯುವುದು 14,000. ಪ್ರಯಾಣಭತ್ಯ ಬೇರೆ ಕೊಡುವ 16,000 ರೂಪಾಯಿಯ ಕೆಲಸ ಅದಕ್ಕಿಂತ ಮೇಲು. 'ತಿಂಗಳಿಗೆ 50,000 ಸಂಪಾದಿಸಬಹುದು' ಎಂಬ ಜಾಹೀರಾತಿನಲ್ಲಿ ಖಚಿತ ಸಂಬಳವೆಷ್ಟು, ಕಮಿಷನ್ ಎಷ್ಟು, ಗುರಿ ಮುಟ್ಟದ ತಿಂಗಳಿನಲ್ಲಿ ಏನಾಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಕೆಲಸ ಕೊಡಲು ಹಣ ಕೇಳುವವನು, ಅದನ್ನು ತರಬೇತಿ ಶುಲ್ಕವೆನ್ನಲಿ, ಭದ್ರತಾ ಠೇವಣಿಯೆನ್ನಲಿ, ಸಮವಸ್ತ್ರದ ಬೆಲೆಯೆನ್ನಲಿ, ಕೆಲಸ ಕೊಡುವವನಲ್ಲ. ಮೂಲ ಪ್ರಮಾಣಪತ್ರಗಳನ್ನು ಯಾರ ಬಳಿಯೂ ಬಿಟ್ಟು ಬರಬೇಡಿ. ನೆಂಟರಿಷ್ಟರನ್ನು ಸದಸ್ಯರನ್ನಾಗಿ ಸೇರಿಸಿದರೆ ಮಾತ್ರ ಸಂಬಳವೆನ್ನುವ ಕೆಲಸದಿಂದ ದೂರವಿರಿ. ಅಲ್ಲಿ ಮಾರಾಟವಾಗುವುದು ಸರಕಲ್ಲ, ನಿಮ್ಮ ಬಾಂಧವ್ಯ.

ನೇಮಕಾತಿ ಪತ್ರವನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು. ಮಾರಾಟ ಪ್ರತಿನಿಧಿಗಳಿಗೆ ನೇಮಕಾತಿ ಪತ್ರ ಕೊಡಬೇಕೆಂಬ ವಿಧಿ 1976ರ ಮಾರಾಟ ಪ್ರವರ್ಧನ ನೌಕರರ ಕಾಯಿದೆಯಲ್ಲಿಯೇ ಬಂದಿತ್ತು. ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಕುರಿತ 2020ರ ಸಂಹಿತೆ ಆ ತತ್ತ್ವವನ್ನು ನೌಕರರೆಲ್ಲರಿಗೂ ವಿಸ್ತರಿಸಿತು.

ದೇಹ ಮತ್ತು ಮನಸ್ಸು

ಬೀದಿಯ ಕೆಲಸಕ್ಕೆ ದೇಹವೇ ಮೊದಲ ಬಂಡವಾಳ. ಚೆನ್ನೈಯ ಕತ್ತರಿ ಬಿಸಿಲಿನಲ್ಲಿ, ಅಂದರೆ ಮೇ ತಿಂಗಳಿನಲ್ಲಿ, ಅಂಗಡಿಗಳ ಭೇಟಿಯನ್ನು ಬೆಳಗಿನ ಹನ್ನೊಂದರೊಳಗೆ ಮತ್ತು ಸಂಜೆ ನಾಲ್ಕರ ಮೇಲೆ ಹೊಂದಿಸಿಕೊಳ್ಳುವುದು ಜಾಣತನ. ಬಾಯಾರಿಕೆಯಾಗುವವರೆಗೆ ಕಾಯದೆ ನೀರನ್ನೋ ಮಜ್ಜಿಗೆಯನ್ನೋ ಕುಡಿಯಿರಿ. ತಲೆಸುತ್ತು, ವಾಂತಿ, ಬೆವರು ನಿಂತು ಮೈ ಕಾಯುವುದು ಕಂಡುಬಂದರೆ ಕೂಡಲೇ ನೆರಳಿಗೆ ಬಂದು ಮೈ ತಣಿಸಿ ವೈದ್ಯರನ್ನು ಕಾಣತಕ್ಕದ್ದು. ನಸುಕಿನ ಮಾರುಕಟ್ಟೆಗೆ ಹೋಗುವವರು ಹಿಂದಿನ ರಾತ್ರಿ ಬೇಗ ಮಲಗಬೇಕು; ಏಳು ಗಂಟೆಗಳ ನಿದ್ರೆಯನ್ನು ಕದ್ದವನು ಮಧ್ಯಾಹ್ನ ದ್ವಿಚಕ್ರ ವಾಹನದ ಮೇಲೆ ಅದರ ಬೆಲೆ ತೆರಬೇಕಾದೀತು.

ಮನಸ್ಸಿನ ಆರೈಕೆಯೂ ಅಷ್ಟೇ ಆವಶ್ಯಕ. ಹತ್ತು ಅಂಗಡಿಗಳಲ್ಲಿ ಎಂಟು 'ಬೇಡ' ಎನ್ನುವುದು ಮಾರಾಟದ ವೃತ್ತಿಯಲ್ಲಿ ಸಾಮಾನ್ಯ. ಬೇಡವೆಂದದ್ದು ಸರಕನ್ನು, ನಿಮ್ಮನ್ನಲ್ಲ. ತಿರಸ್ಕೃತವಾದ ಅರ್ಜಿಯ ಮಾತೂ ಹೀಗೆಯೇ. ಆದರೂ ವಾರಗಟ್ಟಲೆ ನಿದ್ರೆಯಿಲ್ಲದಿದ್ದರೆ, ಊಟ ರುಚಿಸದಿದ್ದರೆ, ಬದುಕೇ ಬೇಡವೆಂಬ ಯೋಚನೆ ಸುಳಿದರೆ ಅದನ್ನು ಸೋಮಾರಿತನವೆಂದು ಜರೆಯದೆ ಕಾಯಿಲೆಯೆಂದೇ ಕಾಣಬೇಕು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಶುಲ್ಕವಿಲ್ಲದೆ ಕರೆಮಾಡಬಹುದು. ತಮಿಳು, ಕನ್ನಡಗಳಲ್ಲಿಯೂ ಮಾತನಾಡಬಹುದು. ಚೆನ್ನೈಯಲ್ಲಿ 1986ರಿಂದ ಆತ್ಮಹತ್ಯೆ ತಡೆಗಾಗಿ ದುಡಿಯುತ್ತಿರುವ ಸ್ನೇಹಾ ಸಂಸ್ಥೆಯೂ ಇದೆ.

ಹಿರಿಯರಲ್ಲಿ ಒಂದು ವಿನಂತಿ

ನಮ್ಮ ಸಂಘಗಳಲ್ಲಿ ಹೋಟೆಲು ನಡೆಸುವವರು, ಬ್ಯಾಂಕಿನಿಂದ ನಿವೃತ್ತರಾದವರು, ಕಂಪನಿಗಳ ವ್ಯವಸ್ಥಾಪಕರು, ವ್ಯಾಪಾರಿಗಳು ಎಲ್ಲರೂ ಇದ್ದಾರೆ. ನಾಡಹಬ್ಬಕ್ಕೆ ಹಣ ಕೂಡಿಸುವ ಶ್ರದ್ಧೆಯ ಒಂದು ಪಾಲನ್ನು ಈ ಕೆಲಸಕ್ಕೂ ಕೊಡಬಹುದು. ವರ್ಷಕ್ಕೆ ಎರಡು ಭಾನುವಾರ ತರುಣರ ಅರ್ಜಿಗಳನ್ನು ಓದಿ ತಿದ್ದಿಕೊಡಿ. ಒಂದು ಅಣಕು ಸಂದರ್ಶನ ನಡೆಸಿ. ಮಾರುಕಟ್ಟೆಯನ್ನು ಬಲ್ಲ ಹೋಟೆಲಿನವರು ಇಬ್ಬರು ಹುಡುಗರನ್ನು ಒಂದು ಬೆಳಗ್ಗೆ ತಮ್ಮೊಡನೆ ಕೋಯಂಬೇಡಿಗೆ ಕರೆದೊಯ್ದು, ಕೊಳ್ಳುವಾಗ ತಾವು ಏನನ್ನು ನೋಡುತ್ತೀರೆಂಬುದನ್ನು ತೋರಿಸಿಕೊಡಿ. ಶಿಫಾರಸು ಪತ್ರಕ್ಕಿಂತ ಇದು ದೊಡ್ಡ ಉಪಕಾರ.

ತಂದೆತಾಯಿಗಳು ಮಾಡಬೇಕಾದದ್ದು ಇನ್ನೂ ಸರಳ. ಮಗನೋ ಮಗಳೋ ಚೀಲ ಹೊತ್ತು ಅಂಗಡಿ ಸುತ್ತುವ ಕೆಲಸಕ್ಕೆ ಸೇರಿದರೆ ನೆಂಟರ ಮುಂದೆ ಅದನ್ನು ಮುಚ್ಚಿಡಬೇಡಿ. ಸಂಜೆ ಮನೆಗೆ ಬಂದವರನ್ನು "ಇವತ್ತು ಯಾವ ಬೀದಿಗೆ ಹೋಗಿದ್ದೆ, ಯಾರು ಏನು ಕೊಂಡರು?" ಎಂದು ಕೇಳಿ. ಆ ಪ್ರಶ್ನೆಗೆ ಉತ್ತರ ಹೇಳುತ್ತ ಹೇಳುತ್ತಲೇ ಅವರು ತಮ್ಮ ವಿದ್ಯೆಯನ್ನು ಕಲಿಯುತ್ತಾರೆ. ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆಯನ್ನು ಮಕ್ಕಳಿಗೆ ಕಲಿಸಿದವರು ನಾವೇ ಅಲ್ಲವೆ? ಕೆಸರು ಕಂಡ ದಿನ ಮುಖ ತಿರುಗಿಸದಿದ್ದರೆ ಸಾಕು. ನಮ್ಮ ತರುಣ ತರುಣಿಯರಿಗೆ ಬೇಗನೆ ತಕ್ಕ ಉದ್ಯೋಗ ದೊರೆತು, ಅವರ ಬಾಳು ಆರೋಗ್ಯದಿಂದಲೂ ನೆಮ್ಮದಿಯಿಂದಲೂ ತುಂಬಲೆಂದು ಹಾರೈಸುತ್ತೇವೆ.